ಹಿತ್ತಲಿಗೊಂದು ಬಾವಲಿ ಗೂಡು



ಸಂಜೆ ಹಾಲು ಕರೆದು, ಡೇರಿಗೆ ಹಾಕಿ ಮನೆಗೆ ಬರುವ ಹೊತ್ತಿಗೆ ಕತ್ತಲು ಕವಿಯುತ್ತಿರುತ್ತದೆ. ಆಗ ಒಮ್ಮೆ ತಲೆಯೆತ್ತಿ ತಿಪ್ಪೆಯ ಮೇಲೆ, ಹಿತ್ತಲ ತೆಂಗಿನ ಮರದ ಸುತ್ತ ನೋಡಿ. ಗುಬ್ಬಿಗಿಂತ ಸಣ್ಣದೊಂದು ಕಪ್ಪು ಜೀವ ಸದ್ದಿಲ್ಲದೆ ಸುತ್ತು ಹಾಕುತ್ತಾ, ಥಟ್ಟನೆ ದಿಕ್ಕು ಬದಲಿಸುತ್ತಾ ಹಾರುವುದು ಕಂಡೀತು. ಅದು ಸಣ್ಣ ಬಾವಲಿ. ಕೆಲವು ಊರುಗಳಲ್ಲಿ ಕಣ್ಕಪ್ಪಡಿ ಎನ್ನುತ್ತಾರೆ. ನಮ್ಮ ದಿನದ ಕೆಲಸ ಮುಗಿಯುವಾಗ ಅದರ ಕೆಲಸ ಶುರು. ರಾತ್ರಿ ಹಾರುವ ಹುಳುಗಳೇ ಅದರ ಊಟ.

ಬಾವಲಿ ಹಕ್ಕಿಯಲ್ಲ. ನಮ್ಮ ಹಸು, ಎಮ್ಮೆಯ ಹಾಗೆ ಮರಿ ಹಾಕಿ ಹಾಲೂಡಿಸುವ ಪ್ರಾಣಿ. ಹೆಚ್ಚಿನ ಜಾತಿಗಳು ಒಂದು ಸಲಕ್ಕೆ ಒಂದೇ ಮರಿ ಹಾಕುತ್ತವೆ. ಹಾಗಾಗಿ ಒಂದು ಗುಂಪನ್ನು ಓಡಿಸಿದರೆ ಅಥವಾ ಕೊಂದರೆ ಆ ನಷ್ಟ ಬೇಗ ತುಂಬುವುದಿಲ್ಲ.

ಹೆದರುವ ಮೊದಲು

ಬಾವಲಿ ಎಂದರೆ ಅಪಶಕುನ, ದನದ ರಕ್ತ ಹೀರುತ್ತದೆ ಎಂಬ ಮಾತು ನಮ್ಮಲ್ಲಿ ಇದೆ. ರಕ್ತ ಕುಡಿದು ಬದುಕುವ ಬಾವಲಿಗಳು ಇರುವುದು ನಿಜ, ಆದರೆ ಅವು ಲ್ಯಾಟಿನ್ ಅಮೆರಿಕದಲ್ಲಿ ಮಾತ್ರ. ಅಲ್ಲಿನ ಹೈನುಗಾರರಿಗೆ ಅವು ದೊಡ್ಡ ತಲೆನೋವು. ಭಾರತದಲ್ಲಿ ಅಂಥ ಬಾವಲಿ ಇಲ್ಲ.

ನಮ್ಮಲ್ಲಿ ಕಾಣುವ ಬಾವಲಿಗಳನ್ನು ಎರಡು ಗುಂಪು ಮಾಡಿ ನೋಡಿ. ಆಲ, ಹುಣಸೆ, ಅರಳಿ ಮರಗಳಲ್ಲಿ ಹಗಲಿಡೀ ತಲೆಕೆಳಗಾಗಿ ಜೋತುಬೀಳುವ ದೊಡ್ಡ ಬಾವಲಿಗಳು ಹಣ್ಣು, ಮಕರಂದ ತಿನ್ನುವಂಥವು. ಅವು ಅತ್ತಿ, ಹಿಪ್ಪೆಯಂಥ ಮರಗಳ ಬೀಜವನ್ನು ದೂರ ದೂರಕ್ಕೆ ಒಯ್ದು ಉದುರಿಸುತ್ತವೆ. ಹಂಚಿನ ಸಂದಿ, ಗೋಡೆಯ ಬಿರುಕು, ಮರದ ಪೊಟರೆಯಲ್ಲಿ ಅಡಗುವ ಸಣ್ಣವು ಹುಳು ತಿನ್ನುವಂಥವು. ನಾವು ಕಟ್ಟುವ ಗೂಡು ಈ ಸಣ್ಣವಕ್ಕೆ ಮಾತ್ರ. ದೊಡ್ಡ ಬಾವಲಿ ಆ ಸಂದಿಯಲ್ಲಿ ತೂರಲಾರದು.

ಲಾಭ ಎಷ್ಟು?

ಒಂದು ಬಾವಲಿ ಗಂಟೆಗೆ ಸಾವಿರ ಸೊಳ್ಳೆ ತಿನ್ನುತ್ತದೆ ಎಂದು ಹೇಳುವವರಿದ್ದಾರೆ. ಅದನ್ನು ಹಾಗೇ ನಂಬಬೇಡಿ. ಅವು ಸೊಳ್ಳೆ, ನುಸಿಯ ಜೊತೆಗೆ ಪತಂಗ, ಜೀರುಂಡೆ, ಮಳೆಹುಳು ಎಲ್ಲವನ್ನೂ ತಿನ್ನುತ್ತವೆ. ಆದರೆ ಹೊಟ್ಟೆ ಮಾತ್ರ ದೊಡ್ಡದು. ಕರು ಹಾಕಿದ ಹಸುವಿಗೆ ನಾವು ಹಿಂಡಿ ಹೆಚ್ಚಿಸುತ್ತೇವಲ್ಲ, ಬಾವಲಿಗೂ ಅದೇ ಲೆಕ್ಕ. ಅಮೆರಿಕದ ಒಂದು ಸಣ್ಣ ಜಾತಿಯಲ್ಲಿ ಮರಿಗೆ ಹಾಲೂಡಿಸುವ ತಾಯಿ ಒಂದೇ ರಾತ್ರಿಯಲ್ಲಿ ಹೆಚ್ಚು ಕಡಿಮೆ ತನ್ನ ತೂಕದಷ್ಟು ಹುಳು ತಿನ್ನುವುದು ಕಂಡುಬಂದಿದೆ. ಸ್ಪೇನ್ ದೇಶದ ಎಬ್ರೊ ನದಿಯ ಬಯಲಿನಲ್ಲಿ ಭತ್ತದ ಗದ್ದೆಗಳ ಬಳಿ ಗೂಡು ಕಟ್ಟಿದ ಮೇಲೆ ಸಣ್ಣ ಬಾವಲಿಗಳು ಹೆಚ್ಚಿ, ಕಾಂಡಕೊರಕದ ಕಾಟ ತಗ್ಗಿದೆ.

ನಮ್ಮ ದನಗಳಿಗೆ ಮೂರು ದಿನದ ಜ್ವರ, ನೀಲಿ ನಾಲಿಗೆ ರೋಗ ತರುವುದು ನುಸಿ, ಸೊಳ್ಳೆಯಂಥ ಕಚ್ಚುವ ಹುಳುಗಳು. ಅವುಗಳಲ್ಲಿ ಒಂದು ಪಾಲು ಬಾವಲಿಯ ಬಾಯಿಗೆ ಹೋದರೆ ಒಳ್ಳೆಯದೇ. ಆದರೆ ಹಗಲು ಹಾರುವ ನೊಣಕ್ಕೆ, ಮೈಗೆ ಅಂಟುವ ಉಣ್ಣೆಗೆ ಬಾವಲಿಯಿಂದ ಪರಿಹಾರವಿಲ್ಲ. ಸಗಣಿ ಬಾಚುವುದು, ಗಂಜಲ ನಿಲ್ಲದಂತೆ ನೋಡುವುದು, ಚರ್ಮಗಂಟು ರೋಗದ ಲಸಿಕೆ ಹಾಕಿಸುವುದು ಇವನ್ನು ಬಿಡುವಂತಿಲ್ಲ.

ಇರುವ ಮನೆ ಮೊದಲು ಉಳಿಸಿ

ಹಂಚಿನ ಮನೆ ಹೋಗಿ ತಾರಸಿ ಬಂತು, ಹಳೇ ಮರ ಹೋಗಿ ಸೈಟು ಬಂತು. ಬಾವಲಿಗೆ ಸಂದಿ ಸಿಗುತ್ತಿಲ್ಲ. ಆದ್ದರಿಂದ ಹೊಸ ಗೂಡಿಗಿಂತ ಮೊದಲು ಹಿತ್ತಲಲ್ಲಿ ಏನಿದೆ ನೋಡಿ. ಪೊಟರೆ ಇರುವ ಹಳೇ ಮರ ಅಪಾಯವಿಲ್ಲದಿದ್ದರೆ ಇರಲಿ. ಹಂಚು ರಿಪೇರಿ ಮಾಡಿಸುವಾಗ ಒಳಗೆ ಬಾವಲಿ ಇದ್ದರೆ ಸಂದಿಗೆ ಸಿಮೆಂಟು ಮೆತ್ತಬೇಡಿ. ಮರಿ ಒಳಗೇ ಸಾಯುತ್ತದೆ.

ಹಿತ್ತಲ ಕಡೆಯ ದೀಪ ಬೇಡವಾದಾಗ ಆರಿಸಿ. ತರಕಾರಿ ಮಡಿಗೆ ವಿಷ ಹೊಡೆಯುವುದನ್ನು ಕಡಿಮೆ ಮಾಡಿ. ಸೂಜಿಮಲ್ಲಿಗೆ, ಸುಗಂಧರಾಜ, ರಾತ್ರಿರಾಣಿಯಂಥ ಸಂಜೆ ಪರಿಮಳ ಬೀರುವ ಗಿಡವಿದ್ದರೆ ಪತಂಗ ಬರುತ್ತದೆ, ಅದರ ಹಿಂದೆ ಬಾವಲಿಯೂ ಬರುತ್ತದೆ. ಹತ್ತಿರದಲ್ಲಿ ಕೆರೆ ಅಥವಾ ಕೃಷಿ ಹೊಂಡವಿದ್ದರೆ ಇನ್ನೂ ಒಳ್ಳೆಯದು. ಅವು ಹಾರುತ್ತಲೇ ನೀರು ಕುಡಿಯುತ್ತವೆ.

ಗೂಡು ಮಾಡುವ ಬಗೆ

ಇದು ಗುಬ್ಬಿ ಗೂಡಿನಂಥ ಡಬ್ಬವಲ್ಲ. ಎರಡು ಹಲಗೆಗಳ ನಡುವಿನ ಒಂದು ಸಂದಿ, ಅಷ್ಟೇ. ಊರಿನ ಬಡಗಿಗೆ ಅರ್ಧ ದಿನದ ಕೆಲಸ.

ಹಿಂದಿನ ಹಲಗೆ 30 ಇಂಚು ಎತ್ತರ, 16 ಇಂಚು ಅಗಲ ಇರಲಿ. ಮುಂದಿನದು ಅಷ್ಟೇ ಅಗಲ, 24 ಇಂಚು ಎತ್ತರ. ಎರಡರ ನಡುವೆ ಎರಡು ಪಕ್ಕಕ್ಕೂ ಮೇಲಕ್ಕೂ ಮುಕ್ಕಾಲು ಇಂಚಿನ ರೀಪು ಹೊಡೆಯಿರಿ. ತಳ ತೆರೆದೇ ಇರಬೇಕು. ಹಿಂದಿನ ಹಲಗೆ 6 ಇಂಚು ಕೆಳಗೆ ಚಾಚಿಕೊಂಡಿರುತ್ತದೆ. ಬಾವಲಿ ಬಂದು ಅಲ್ಲಿ ಇಳಿದು ಮೇಲಕ್ಕೆ ತೆವಳುತ್ತದೆ. ಅದಕ್ಕೆ ಉಗುರು ಹಿಡಿಯಲು ಹಲಗೆಯ ಒಳಮೈಯಲ್ಲಿ ಅರ್ಧ ಇಂಚಿಗೊಂದು ಅಡ್ಡ ಗೀರು ಹಾಕಿಸಿ. ಮುಂದಿನ ಹಲಗೆಯಲ್ಲಿ ತಳದಿಂದ 6 ಇಂಚು ಮೇಲೆ ಗಾಳಿಗಾಗಿ ಅರ್ಧ ಇಂಚಿನ ಒಂದು ಅಡ್ಡ ಸೀಳು ಬೇಕು.

ಹಳೇ ಬಾಗಿಲ ಹಲಗೆ, ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ನಡೆಯುತ್ತದೆ. ಗೆದ್ದಲಿನ ಔಷಧಿ ಹೊಡೆದದ್ದು ಬೇಡ. ಒಳಗೆ ಬಣ್ಣ ಬೇಡ. ಹೊರಗೆ ಸುಣ್ಣ ಬಳಿದರೆ ಬಿಸಿಲಿನ ಝಳ ತಗ್ಗುತ್ತದೆ. ತಲೆಯ ಮೇಲೆ ತಗಡಿನ ಬದಲು ಹಂಚಿನ ತುಂಡು ಓರೆಯಾಗಿ ಕೂರಿಸಿ. ಮಳೆ ನೀರು ಒಳಗಿಳಿಯಬಾರದು.

ಎಲ್ಲಿ ಕಟ್ಟಬೇಕು?

ಕೊಟ್ಟಿಗೆಯೊಳಗೆ ಖಂಡಿತ ಬೇಡ. ಹಾಲಿನ ಕ್ಯಾನು, ಮೇವಿನ ಗೋದಲಿ, ನೀರಿನ ತೊಟ್ಟಿ, ಬಾವಿ ಇವುಗಳ ಮೇಲೆ ಹಿಕ್ಕೆ ಬೀಳುವಂತಿರಬಾರದು. ಜನ ಓಡಾಡದ ಹಿತ್ತಲ ಗೋಡೆ ಅಥವಾ ಕಂಬ ಆರಿಸಿ. ನೆಲದಿಂದ 12ರಿಂದ 15 ಅಡಿ ಎತ್ತರವಿರಲಿ. ಬೆಳಗಿನ ಬಿಸಿಲು ಬೀಳಲಿ, ಮಧ್ಯಾಹ್ನ ನೆರಳಿರಲಿ. ಮುಂದೆ ಕೊಂಬೆ, ತಂತಿ ಅಡ್ಡ ಬರಬಾರದು. ಬೆಕ್ಕು ಹತ್ತುವ ಜಾಗವೂ ಆಗಬಾರದು.

ಕಟ್ಟಿದ ಮರುದಿನವೇ ಬಾವಲಿ ಬರುವುದಿಲ್ಲ. ತಿಂಗಳುಗಳೇ ಆಗಬಹುದು, ಒಂದೆರಡು ವರ್ಷವೂ ಹಿಡಿಯಬಹುದು. ಬಾರದೆಯೂ ಇರಬಹುದು. ಎಲ್ಲಿಂದಲೋ ಹಿಡಿದು ತಂದು ಬಿಟ್ಟರೆ ನಿಲ್ಲುವುದಿಲ್ಲ, ಹಿಡಿಯಲೂಬಾರದು. ಗೂಡಿನ ಕೆಳಗೆ ಇಲಿಯದರಂಥ ಸಣ್ಣ ಹಿಕ್ಕೆ ಕಂಡರೆ, ಒತ್ತಿದಾಗ ಅದು ಪುಡಿಪುಡಿಯಾದರೆ ಬಂದಿವೆ ಎಂದು ತಿಳಿಯಿರಿ. ಬರಿಗೈಯಲ್ಲಿ ಬೇಡ, ಕಡ್ಡಿಯಿಂದ ಒತ್ತಿ ನೋಡಿ.

ಎಚ್ಚರ ತಪ್ಪಬೇಡಿ

ನೆಲಕ್ಕೆ ಬಿದ್ದ ಬಾವಲಿಯನ್ನು ಮುಟ್ಟಬೇಡಿ, ಮಕ್ಕಳಿಗೂ ಹೇಳಿಕೊಡಿ. ಕಚ್ಚಿದರೆ, ಪರಚಿದರೆ 15 ನಿಮಿಷ ಸೋಪು ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ. ರೇಬಿಸ್ ಲಸಿಕೆಯ ಮಾತು ವೈದ್ಯರು ಹೇಳಲಿ, ನಾವೇ ತೀರ್ಮಾನಿಸುವುದು ಬೇಡ.

ಹಿಕ್ಕೆ ಒಳ್ಳೆಯ ಗೊಬ್ಬರ. ಆದರೆ ಒಣಗಿದ್ದನ್ನು ಗುಡಿಸಿದರೆ ಧೂಳು ಎದೆಗೆ ಹೋಗುತ್ತದೆ. ನೀರು ಚಿಮುಕಿಸಿ, ಮೂಗು ಬಾಯಿಗೆ ಬಟ್ಟೆ ಕಟ್ಟಿ, ಬಾಚಿ ತಿಪ್ಪೆಗೆ ಸೇರಿಸಿ. ಕೈ ತೊಳೆಯದೆ ಹಾಲು ಕರೆಯಲು ಕೂರಬೇಡಿ.

ನಿಫಾ ವೈರಸ್ ಇರುವುದು ಹಣ್ಣು ತಿನ್ನುವ ದೊಡ್ಡ ಬಾವಲಿಗಳಲ್ಲಿ. 1998–99ರಲ್ಲಿ ಮಲೇಷ್ಯಾದಲ್ಲಿ ಬಾವಲಿ ಕಚ್ಚಿದ ಹಣ್ಣು ಹಂದಿಯ ದೊಡ್ಡಿಗೆ ಬಿದ್ದು ರೋಗ ಹಬ್ಬಿತು ಎನ್ನುತ್ತಾರೆ ತಜ್ಞರು. 2018ರಲ್ಲಿ ಕೇರಳದಲ್ಲಿ ಏನಾಯಿತು ಎಂಬುದು ನಮಗೆಲ್ಲ ನೆನಪಿದೆ. ಆದ್ದರಿಂದ ಕಚ್ಚಿದ ಮಾವು, ಸೀಬೆಯನ್ನು ಮಕ್ಕಳು ತಿನ್ನಬಾರದು, ದನಕ್ಕೂ ಹಾಕಬಾರದು. ಗುಂಡಿ ತೋಡಿ ಹೂಳಿ. ಹಾಗೆಂದು ಬಾವಲಿ ಇರುವ ಮರ ಕಡಿಯಬೇಡಿ. ನೆಲೆ ತಪ್ಪಿದ ಬಾವಲಿಗಳು ಬೇರೊಂದು ಹಿತ್ತಲಿಗೆ ಹೋಗುತ್ತವೆ, ಅಷ್ಟೇ.

ಹಾಲಿಗೆ ಹೆಸರಾದ ನಮ್ಮ ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಬಂಡೆ ಗುಹೆಯಲ್ಲಿ ಎಲೆಮೂಗಿನ ಒಂದು ಬಾವಲಿ ಇದೆ. ಆ ಜಿಲ್ಲೆ ಬಿಟ್ಟರೆ ಜಗತ್ತಿನ ಬೇರೆಲ್ಲೂ ಅದು ಸಿಕ್ಕಿಲ್ಲ. ಉಳಿದಿರುವುದು ಕೆಲವು ನೂರರೊಳಗೆ. ಕಲ್ಲು ಗಣಿಗಾರಿಕೆಯಲ್ಲಿ ಅದರ ಮನೆ ಒಡೆಯುತ್ತಾ ಬಂತು. ನಮ್ಮ ಹಿತ್ತಲ ಕಣ್ಕಪ್ಪಡಿಗೆ ಆ ಗತಿ ಬಂದಿಲ್ಲ. ಬರುವ ಮುಂಚೆ ಒಂದು ಸಂದಿ ಬಿಟ್ಟುಕೊಡುವುದು ನಮ್ಮ ಕೈಯಲ್ಲಿದೆ.

ಇವತ್ತು ಸಂಜೆ ಡೇರಿಯಿಂದ ಬಂದ ಮೇಲೆ ಕ್ಯಾನು ತೊಳೆದಿಟ್ಟು ಐದು ನಿಮಿಷ ಹಿತ್ತಲಲ್ಲಿ ನಿಲ್ಲಿ. ಎಷ್ಟು ಹಾರುತ್ತವೆ, ಎಲ್ಲಿಂದ ಹೊರಡುತ್ತವೆ ಎಂದು ನೋಡಿ. ಗೂಡಿನ ಹಲಗೆ ಕೊಯ್ಯಿಸುವುದು ಆಮೇಲೆ.