ಬಾಂಬುಗಳ ನಡುವೆ ಒಂದು ರೇಡಿಯೊ ದಿನ

ಎರಡನೇ ಮಹಾಯುದ್ಧದ ಬ್ರಿಟನ್, ರೇಡಿಯೊ ಎಂದೊಡನೆ ನೆನಪಾಗುವುದು ಚರ್ಚಿಲ್ ಭಾಷಣಗಳು. ಅವುಗಳ ತೂಕ ದೊಡ್ಡದೇ. ಆದರೆ ಪ್ರಧಾನಿ ಮಾತಾಡುತ್ತಿದ್ದದ್ದು ಅಪರೂಪಕ್ಕೆ. ಉಳಿದ ದಿನಗಳಲ್ಲಿ ಜನರ ಜೊತೆಗಿದ್ದದ್ದು ಬೆಳಗಿನ ಏಳರಿಂದ ನಡುರಾತ್ರಿಯವರೆಗೆ ಬಿಬಿಸಿ ತಪ್ಪಿಸದೆ ನಡೆಸಿಕೊಂಡು ಬಂದ ದಿನಚರಿ. ಆ ಯುದ್ಧದಲ್ಲಿ ರೇಡಿಯೊ ಮಾಡಿದ ದೊಡ್ಡ ಕೆಲಸ ಅದೇ ಎಂದು ನನಗೆ ಅನಿಸುತ್ತದೆ.

1939ರ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿನ ಮೇಲೆ ಬಿತ್ತು. ಅದೇ ದಿನ ಬಿಬಿಸಿ ತನ್ನ ಟೆಲಿವಿಷನ್ ಪ್ರಸಾರವನ್ನು ನಿಲ್ಲಿಸಿತು. ರಾಷ್ಟ್ರೀಯ, ಪ್ರಾದೇಶಿಕ ಎಂದು ಬೇರೆಬೇರೆಯಾಗಿದ್ದ ರೇಡಿಯೊ ಕಾರ್ಯಕ್ರಮಗಳನ್ನು ಕೂಡಿಸಿ ದೇಶಕ್ಕೆಲ್ಲ ಒಂದೇ ‘ಹೋಮ್ ಸರ್ವಿಸ್’ ಮಾಡಿತು. ಯಾವ ಊರಿನ ಟ್ರಾನ್ಸ್‌ಮಿಟರ್ ಯಾವುದೆಂದು ತಿಳಿದರೆ ಶತ್ರು ಪೈಲಟ್ ಆ ಸಿಗ್ನಲ್ಲಿನ ಜಾಡು ಹಿಡಿದೇ ಊರಿನ ನೆತ್ತಿಯ ಮೇಲೆ ಬರಬಹುದಿತ್ತು. ಹಲವು ಟ್ರಾನ್ಸ್‌ಮಿಟರ್‌ಗಳು ಒಂದೇ ತರಂಗಾಂತರದಲ್ಲಿ ಒಂದೇ ಕಾರ್ಯಕ್ರಮ ಬಿತ್ತರಿಸಿದರೆ ಅವನಿಗೆ ದಿಕ್ಕು ಸಿಗುವುದಿಲ್ಲ. ವಿಮಾನಗಳು ತೀರ ಹತ್ತಿರ ಬಂದಾಗ ಆ ಪ್ರದೇಶದ ಟ್ರಾನ್ಸ್‌ಮಿಟರನ್ನು ನಿಲ್ಲಿಸುತ್ತಿದ್ದರು. ಆಗಲೂ ದೂರದ ಟ್ರಾನ್ಸ್‌ಮಿಟರ್‌ಗಳಿಂದ ಅದೇ ಕಾರ್ಯಕ್ರಮ ಕ್ಷೀಣವಾಗಿಯಾದರೂ ಕೇಳುತ್ತಿತ್ತು. ಮೊದಲ ವಾರಗಳಲ್ಲಿ ವಾರ್ತೆ, ಸರ್ಕಾರಿ ಸೂಚನೆಗಳ ನಡುವೆ ಸ್ಯಾಂಡಿ ಮ್ಯಾಕ್‌ಫರ್ಸನ್ ಗಂಟೆಗಟ್ಟಲೆ ಆರ್ಗನ್ ನುಡಿಸಿದ್ದೇ ನುಡಿಸಿದ್ದು, ಕೇಳುಗರು ಬೇಸತ್ತರು. 1940ರ ಜನವರಿಯಲ್ಲಿ ಸೈನಿಕರಿಗಾಗಿ ‘ಫೋರ್ಸಸ್ ಪ್ರೋಗ್ರಾಂ’ ಬಂದ ಮೇಲೆ ಎರಡನೆಯ ವಾಹಿನಿಯೊಂದು ಸಿಕ್ಕಿತು. ಅದರ ಹಾಡು, ಹಾಸ್ಯಕ್ಕೆ ಮನೆಯವರೂ ಕಿವಿಗೊಟ್ಟರು.

1941-42ರ ಹೊತ್ತಿನ ಒಂದು ದಿನವನ್ನು ನೋಡೋಣ. ಬೆಳಗ್ಗೆ ಏಳಕ್ಕೆ ವಾರ್ತೆ. ಹವಾಮಾನ ವರದಿ ಮಾತ್ರ ಇಲ್ಲ; ಮೋಡ, ಗಾಳಿಯ ವಿವರ ಜರ್ಮನ್ ವಾಯುಪಡೆಗೆ ಉಪಯೋಗವಾಗುವಂಥದ್ದು. ಆಮೇಲೆ ವ್ಯಾಯಾಮ ಪಾಠ, ಎಂಟಕ್ಕೆ ಮತ್ತೆ ವಾರ್ತೆ. ಎಂಟೂಕಾಲಿಗೆ ಐದೇ ನಿಮಿಷದ ‘ಕಿಚನ್ ಫ್ರಂಟ್’. ನನ್ನ ಮಟ್ಟಿಗೆ ಇಡೀ ದಿನದ ಜೀವಾಳ ಇದೇ. ಪಡಿತರದಲ್ಲಿ ಒಬ್ಬರಿಗೆ ವಾರಕ್ಕೆ ಸಿಗುತ್ತಿದ್ದ ಚಹಾಪುಡಿ 2 ಔನ್ಸ್, ಅಂದರೆ 60 ಗ್ರಾಮಿಗೂ ಕಡಿಮೆ. ಬೆಣ್ಣೆ, ಮಾಂಸ, ಸಕ್ಕರೆ ಎಲ್ಲಕ್ಕೂ ಅಳತೆ. ಅಂಗಡಿಯ ಮುಂದೆ ಸಾಲು ನಿಲ್ಲಲು ಹೊರಡುವ ಮೊದಲೇ ಗೃಹಿಣಿಗೆ ಆ ವಾರ ಮಾರುಕಟ್ಟೆಯಲ್ಲಿ ಯಾವ ತರಕಾರಿ ಹೇರಳ, ಮೊಟ್ಟೆಪುಡಿಯಲ್ಲಿ ಏನು ಮಾಡಬಹುದು, ಆಲೂಗಡ್ಡೆಯನ್ನು ಎಷ್ಟು ಬಗೆಯಲ್ಲಿ ಬಳಸಬಹುದು ಎಂಬುದು ತಿಳಿದುಬಿಡುತ್ತಿತ್ತು. ಗರ್ಟ್ ಮತ್ತು ಡೇಸಿ ಎಂಬ ಹೆಸರಿನಲ್ಲಿ ಹಾಸ್ಯ ಮಾಡುತ್ತಿದ್ದ ಎಲ್ಸಿ, ಡೋರಿಸ್ ವಾಟರ್ಸ್ ಎಂಬ ಅಕ್ಕತಂಗಿಯರು ಅಡುಗೆಮನೆಯ ಹರಟೆಯಲ್ಲೇ ಪಾಕ ಹೇಳಿಕೊಡುತ್ತಿದ್ದರು. ‘ರೇಡಿಯೊ ಡಾಕ್ಟರ್’ ಎಂದಷ್ಟೇ ಕೇಳುಗರಿಗೆ ಪರಿಚಯವಿದ್ದ ಚಾರ್ಲ್ಸ್ ಹಿಲ್, ಹೊಟ್ಟೆ, ಮಲಬದ್ಧತೆಗಳ ವಿಷಯವನ್ನು ಯಾವ ಸಂಕೋಚವೂ ಇಲ್ಲದೆ ಮಾತಾಡುತ್ತಿದ್ದರು. ಆಹಾರ ಸಚಿವಾಲಯ ಇದನ್ನೆಲ್ಲ ಸುತ್ತೋಲೆಯಲ್ಲಿ ಕಳಿಸಿದ್ದರೆ ಓದುವವರು ಎಷ್ಟು ಮಂದಿ ಇರುತ್ತಿದ್ದರು!

ಹತ್ತೂವರೆಗೆ ಕಾರ್ಖಾನೆಗಳ ಧ್ವನಿವರ್ಧಕಗಳಿಗೆ ಜೀವ ಬರುತ್ತಿತ್ತು. 1940ರ ಜೂನ್ 23ರಂದು ಶುರುವಾದ ‘ಮ್ಯೂಸಿಕ್ ವೈಲ್ ಯು ವರ್ಕ್’ ಬೆಳಗ್ಗೆ ಅರ್ಧ ಗಂಟೆ, ಮಧ್ಯಾಹ್ನ ಮೂರಕ್ಕೆ ಇನ್ನರ್ಧ ಗಂಟೆ. ಫ್ರಾನ್ಸಿನ ಡನ್‌ಕರ್ಕ್‌ನಿಂದ ಸೈನ್ಯ ಬರಿಗೈಯಲ್ಲಿ ಮರಳಿದ ತಿಂಗಳು ಅದು. ಕಾರ್ಖಾನೆಗಳು ಹಗಲುರಾತ್ರಿ ನಡೆಯಬೇಕಿತ್ತು. ಯಂತ್ರಗಳ ಗದ್ದಲದಲ್ಲಿ ನಾಜೂಕಿನ ಸಂಗೀತ ಕೇಳುವುದಿಲ್ಲ. ಹಾಗಾಗಿ ರಾಗ ಸ್ಪಷ್ಟವಾಗಿರಬೇಕು, ಲಯ ಬಿಗಿಯಾಗಿರಬೇಕು, ಧ್ವನಿ ಏರಿಳಿಯದೆ ಒಂದೇ ಮಟ್ಟದಲ್ಲಿರಬೇಕು. ತೀರ ಮಂದವಾದ ಹಾಡು ತೂಕಡಿಕೆ ತರುತ್ತದೆಂದು ಅದನ್ನೂ ಬಿಟ್ಟರು. ನಡುವೆ ಚಪ್ಪಾಳೆ ತಟ್ಟಬೇಕಾದ ಅಮೆರಿಕದ ಜನಪ್ರಿಯ ಹಾಡೊಂದಕ್ಕೆ ಇಲ್ಲಿ ನಿಷೇಧ ಬಿತ್ತು. ಕೆಲಸಗಾರರು ಕೈಯಲ್ಲಿದ್ದುದನ್ನು ಬಿಟ್ಟು ತಾಳ ಹಾಕಲು ನಿಂತಾರೆಂಬ ಆತಂಕ. 1941ರಿಂದ ‘ವರ್ಕರ್ಸ್ ಪ್ಲೇಟೈಮ್’ ಕೂಡ ಬಂತು. ಕಲಾವಿದರೇ ಕಾರ್ಖಾನೆಯ ಕ್ಯಾಂಟೀನಿಗೆ ಹೋಗಿ ಊಟದ ಹೊತ್ತಿನಲ್ಲಿ ಹಾಡಿ, ನಗಿಸಿ ಬರುತ್ತಿದ್ದರು. ಅದು ಯಾವ ಊರಿನ ಕಾರ್ಖಾನೆ ಎಂದು ಮಾತ್ರ ಹೇಳುವಂತಿರಲಿಲ್ಲ.

ಸಂಜೆ ಮಕ್ಕಳ ಕಾರ್ಯಕ್ರಮ. ಬಾಂಬಿನ ಭಯಕ್ಕೆ ಊರು ಬಿಟ್ಟು ಅಪರಿಚಿತರ ಮನೆಗಳಲ್ಲಿದ್ದ ಮಕ್ಕಳಿಗೆ ಅದು ಹಳೆಯ ಮನೆಯಲ್ಲಿ ಕೇಳುತ್ತಿದ್ದ ಅದೇ ದನಿ. 1940ರ ಅಕ್ಟೋಬರ್ 13ರಂದು 14 ವರ್ಷದ ರಾಜಕುಮಾರಿ ಎಲಿಜಬೆತ್ ತನ್ನ ಮೊದಲ ರೇಡಿಯೊ ಭಾಷಣ ಮಾಡಿದ್ದೂ ಈ ಮಕ್ಕಳಿಗಾಗಿಯೇ. ರಾತ್ರಿಯಾದರೆ ಟಾಮಿ ಹ್ಯಾಂಡ್ಲಿಯ ಹಾಸ್ಯ. ಇಲ್ಲವೇ ತತ್ವಶಾಸ್ತ್ರದ ಜೋಡ್, ಜೀವವಿಜ್ಞಾನಿ ಜೂಲಿಯನ್ ಹಕ್ಸ್‌ಲಿ ಕೇಳುಗರ ಪ್ರಶ್ನೆಗಳಿಗೆ ಉತ್ತರಿಸುವ ‘ಬ್ರೇನ್ಸ್ ಟ್ರಸ್ಟ್’.

ಒಂಬತ್ತಕ್ಕೆ ಬಿಗ್ ಬೆನ್ ಗಂಟೆ ಹೊಡೆಯುತ್ತಿತ್ತು. 1940ರ ನವೆಂಬರಿನಿಂದ ಆ ಗಂಟೆ ಬಾರಿಸುವ ಒಂದು ನಿಮಿಷ ಅನೇಕರಿಗೆ ಪ್ರಾರ್ಥನೆಯ ಹೊತ್ತು. ಆಮೇಲೆ ದಿನದ ಮುಖ್ಯ ವಾರ್ತೆ. ಯುದ್ಧಕ್ಕೆ ಮುಂಚೆ ಬಿಬಿಸಿ ವಾರ್ತಾವಾಚಕರಿಗೆ ಹೆಸರಿರಲಿಲ್ಲ. 1940ರ ಬೇಸಿಗೆಯಲ್ಲಿ ಜರ್ಮನರು ಬಂದಿಳಿದು ಸುಳ್ಳು ವಾರ್ತೆ ಓದಿಸಿದರೆ ಗತಿ ಏನು ಎಂಬ ಪ್ರಶ್ನೆ ಎದ್ದಾಗ ವಾಚಕರು ಹೆಸರು ಹೇಳಿ ಓದತೊಡಗಿದರು. ಅಲ್ವಾರ್ ಲಿಡೆಲ್, ಬ್ರೂಸ್ ಬೆಲ್‌ಫ್ರೇಜ್ ಮನೆಮಾತಾದರು. ಯಾರ್ಕ್‌ಷೈರ್ ಉಚ್ಚಾರದ ವಿಲ್ಫ್ರೆಡ್ ಪಿಕಲ್ಸ್‌ಗೆ 1941ರಲ್ಲಿ ವಾರ್ತೆ ಓದಲು ಅವಕಾಶ ಸಿಕ್ಕಿತು. ಅಲ್ಲಿಯವರೆಗೆ ದೇಶದ ವಾರ್ತೆಗೆ ಅಂಥ ಹಳ್ಳಿಸೊಗಡಿನ ದನಿ ಇರಲಿಲ್ಲ.

1940ರ ಅಕ್ಟೋಬರ್ 15ರ ರಾತ್ರಿ ಲಂಡನ್ನಿನ ಬ್ರಾಡ್‌ಕಾಸ್ಟಿಂಗ್ ಹೌಸಿಗೆ ಬಾಂಬು ಬಿತ್ತು. ಬಿದ್ದ ಕೂಡಲೇ ಸಿಡಿಯಲಿಲ್ಲ. ಒಂಬತ್ತು ದಾಟಿ ಎರಡು ನಿಮಿಷಕ್ಕೆ, ಬೆಲ್‌ಫ್ರೇಜ್ ವಾರ್ತೆ ಓದುತ್ತಿದ್ದಾಗ ಸಿಡಿಯಿತು. ಏಳು ಮಂದಿ ಸಿಬ್ಬಂದಿ ಸತ್ತರು. ಕೇಳುಗರ ಕಿವಿಗೆ ಬಿದ್ದದ್ದು ಒಂದು ಮಂದ ಸದ್ದು, ಕ್ಷಣಕಾಲದ ಮೌನ. ಗಾರೆಯ ಧೂಳು ಮೈಮೇಲೆ ಸುರಿದಿದ್ದರೂ ಬೆಲ್‌ಫ್ರೇಜ್ ಓದು ಮುಂದುವರಿಸಿದರು.

ಇಷ್ಟಾದರೂ ಇದು ಪೂರ್ತಿ ಸ್ವತಂತ್ರ ರೇಡಿಯೊ ಆಗಿರಲಿಲ್ಲ. ಮಾತೆಲ್ಲ ಮೊದಲೇ ಬರೆದು ಸೆನ್ಸಾರ್ ಆಗಬೇಕಿತ್ತು. 1941ರಲ್ಲಿ ಸರ್ಕಾರದ ನೀತಿಯನ್ನು ವಿರೋಧಿಸಿದ ಕೆಲವು ಕಲಾವಿದರನ್ನು ಬಿಬಿಸಿ ದೂರವಿಟ್ಟಾಗ, ಸಂಗೀತಕಾರ ವಾನ್ ವಿಲಿಯಮ್ಸ್ ತಮ್ಮ ಕೃತಿಯನ್ನೇ ಹಿಂದಕ್ಕೆ ಪಡೆದು ಪ್ರತಿಭಟಿಸಿದರು, ನಿಷೇಧ ತೆರವಾಯಿತು. ಸೋಲಿನ ಸುದ್ದಿಯನ್ನೂ ಹೇಳಬೇಕೆಂಬ ಹಟ ಮಾತ್ರ ಸುದ್ದಿಮನೆಯಲ್ಲಿ ಉಳಿದಿತ್ತು. ಜರ್ಮನಿ ವಶಪಡಿಸಿಕೊಂಡ ದೇಶಗಳ ಜನ ಪ್ರಾಣದ ಹಂಗು ತೊರೆದು ಲಂಡನ್ ಕೇಳುತ್ತಿದ್ದದ್ದು ಈ ಹಟದ ಮೇಲಿನ ನಂಬಿಕೆಯಿಂದ.

ಭಾರತಕ್ಕೆ ಮಾತಾಡುವಾಗ ಆ ನಂಬಿಕೆ ಸುಲಭಕ್ಕೆ ದಕ್ಕುವಂತಿರಲಿಲ್ಲ. 1940ರ ಮೇ 11ರಂದು ಹಿಂದೂಸ್ತಾನಿ ಪ್ರಸಾರ ಆರಂಭವಾಗಿತ್ತು. ಮುಂದೆ ಸಿನಿಮಾ ನಟರಾದ ಬಲರಾಜ್ ಸಾಹ್ನಿ ಅಲ್ಲಿ ಉದ್ಘೋಷಕರಾಗಿದ್ದರು. ಲೇಖಕ ಜಾರ್ಜ್ ಆರ್ವೆಲ್ 1941ರಿಂದ ಭಾರತಕ್ಕಾಗಿ ಭಾಷಣ, ಸಾಹಿತ್ಯ ಕಾರ್ಯಕ್ರಮಗಳನ್ನು ರೂಪಿಸುತ್ತಿದ್ದರು. ಕಾದಂಬರಿಕಾರ ಮುಲ್ಕ್ ರಾಜ್ ಆನಂದ್ ಅವುಗಳಲ್ಲಿ ಭಾಗವಹಿಸಿದರು. ಆದರೆ 1942ರ ಆಗಸ್ಟಿನಲ್ಲಿ ಗಾಂಧೀಜಿ, ನೆಹರೂ ಸೆರೆಮನೆ ಸೇರಿದ ಮೇಲೆ, ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದೇವೆ ಎಂದು ಲಂಡನ್ನಿನಿಂದ ಹೇಳಿದರೆ ಇಲ್ಲಿ ಕೇಳುವವರಿಗೆ ಹೇಗನಿಸಿರಬೇಕು? ವಸಾಹತುಶಾಹಿಯ ವಿರೋಧಿಯಾಗಿದ್ದ ಆರ್ವೆಲ್‌ಗೂ ಅದು ಗೊತ್ತಿತ್ತು. ಈ ಪ್ರಸಾರದಿಂದ ಫಲವೇನೂ ಇಲ್ಲ, ತನ್ನ ಸಮಯವೂ ಜನರ ಹಣವೂ ವ್ಯರ್ಥ ಎಂದು ರಾಜೀನಾಮೆ ಬರೆದುಕೊಟ್ಟು 1943ರ ನವೆಂಬರಿನಲ್ಲಿ ಅವರು ಬಿಬಿಸಿ ಬಿಟ್ಟರು.