ಪೆರಿಯೆ: ಹಸಿರು ಬಾಟಲಿಯೊಳಗಿನ ಬುಗ್ಗೆನೀರಿನ ಇತಿಹಾಸ

ಬೆಂಕಿಯಿಲ್ಲದೆ ಕುದಿಯುವ ನೀರು! ದಕ್ಷಿಣ ಫ್ರಾನ್ಸಿನ ಗಾರ್ ಪ್ರಾಂತ್ಯದ ವೆರ್ಜೆಜ್ ಗ್ರಾಮದ ಬುಗ್ಗೆ ಹಿಂದಿನವರಿಗೆ ಕಂಡದ್ದು ಹೀಗೆ. ನೀರು ತಣ್ಣಗೇ ಇತ್ತು. ಭೂಗರ್ಭದಿಂದ ಮೇಲೇರುವ ಇಂಗಾಲದ ಡೈಆಕ್ಸೈಡ್ ಅನಿಲವೇ ಆ ಗುಳ್ಳೆಗಳಿಗೆ ಕಾರಣ. ಜಗತ್ತಿನಾದ್ಯಂತ ಹೆಸರಾದ 'ಪೆರಿಯೆ' ನೀರಿನ ಮೂಲ ಇದೇ.

ಈ ನೀರಿನ ಬಳಕೆಗೆ 1863ರಲ್ಲಿ ಚಕ್ರವರ್ತಿ ಮೂರನೇ ನೆಪೋಲಿಯನ್‌ನ ಅನುಮತಿ ದೊರೆಯಿತು. 1898ರಲ್ಲಿ ಬುಗ್ಗೆಯನ್ನು ಕೊಂಡವರು ವೈದ್ಯ ಲೂಯಿ ಪೆರಿಯೆ. ಆದರೆ ಅದನ್ನು ವ್ಯಾಪಾರವಾಗಿ ಬೆಳೆಸಿದ್ದು ಒಬ್ಬ ಆಂಗ್ಲ. ಲಂಡನ್ನಿನ 'ಡೈಲಿ ಮೇಲ್' ಪತ್ರಿಕೆಯ ಒಡೆತನದ ಕುಟುಂಬಕ್ಕೆ ಸೇರಿದ ಸೇಂಟ್ ಜಾನ್ ಹಾರ್ಮ್ಸ್‌ವರ್ತ್ 1903ರಲ್ಲಿ ಬುಗ್ಗೆಯನ್ನು ಖರೀದಿಸಿ, ವೈದ್ಯರ ಹೆಸರನ್ನೇ ಅದಕ್ಕಿಟ್ಟರು. ಕಾರು ಅಪಘಾತದಲ್ಲಿ ಅವರ ಕಾಲುಗಳು ಸ್ವಾಧೀನ ಕಳೆದುಕೊಂಡವು. ತೋಳುಗಳ ವ್ಯಾಯಾಮಕ್ಕೆ ಅವರು ಬಳಸುತ್ತಿದ್ದುದು ನಮ್ಮ ಗರಡಿಮನೆಗಳಲ್ಲಿ ತಿರುಗಿಸುವ ಮರದ ಮುದ್ಗರವನ್ನು! ನಡು ಉಬ್ಬಿದ ಹಸಿರು ಬಾಟಲಿಯ ಆಕಾರ ಅದರಿಂದಲೇ ಬಂದದ್ದೆಂದು ಹೇಳಲಾಗುತ್ತದೆ. 1947ರಲ್ಲಿ ಗುಸ್ತಾವ್ ಲೆವೆನ್ ಒಡೆತನ ವಹಿಸಿಕೊಂಡರು. ಅವರ ಕಾಲದಲ್ಲಿ, ಎಪ್ಪತ್ತರ ದಶಕದ ಕೊನೆಗೆ, ಅಮೆರಿಕದ ಮಾರುಕಟ್ಟೆಯೂ ಒಲಿಯಿತು.

ಈ ನೀರಿಗೆ ಬೆಲೆ ತಂದುಕೊಟ್ಟದ್ದು 'ನೈಸರ್ಗಿಕ' ಎಂಬ ಒಂದೇ ಮಾತು. 1990ರ ಫೆಬ್ರುವರಿಯಲ್ಲಿ ಆ ಮಾತಿಗೇ ಪೆಟ್ಟು ಬಿತ್ತು. ಅಮೆರಿಕದ ಉತ್ತರ ಕೆರೊಲಿನಾದ ಪ್ರಯೋಗಾಲಯವೊಂದು ಬಾಟಲಿಗಳಲ್ಲಿ ಕ್ಯಾನ್ಸರ್‌ಕಾರಕ ಬೆಂಜೀನ್ ಅಂಶವನ್ನು ಪತ್ತೆಹಚ್ಚಿತು. ತಪ್ಪು ಶುಚಿಗೊಳಿಸುವ ಕೆಲಸಗಾರನದೆಂದು ಕಂಪನಿ ಮೊದಲು ಸಮಜಾಯಿಷಿ ನೀಡಿತು. ಯೂರೋಪಿನ ಬಾಟಲಿಗಳಲ್ಲೂ ಬೆಂಜೀನ್ ಕಂಡಾಗ ಆ ವಾದ ನಿಲ್ಲಲಿಲ್ಲ. ಅನಿಲ ಶೋಧಿಸುವ ಫಿಲ್ಟರುಗಳನ್ನು ಸಕಾಲದಲ್ಲಿ ಬದಲಾಯಿಸಿರಲಿಲ್ಲ ಎಂಬುದು ನಿಜವಾದ ಕಾರಣ. ಸುಮಾರು 16 ಕೋಟಿ ಬಾಟಲಿಗಳನ್ನು ಹಿಂದಕ್ಕೆ ತರಿಸಲಾಯಿತು. ನೀರನ್ನೂ ಅನಿಲವನ್ನೂ ಬೇರೆಬೇರೆಯಾಗಿ ತೆಗೆದು ಕಾರ್ಖಾನೆಯಲ್ಲಿ ಕೂಡಿಸಲಾಗುತ್ತದೆ ಎಂಬುದು ಅನೇಕ ಗ್ರಾಹಕರಿಗೆ ತಿಳಿದದ್ದೇ ಆಗ. 1992ರಲ್ಲಿ ಕಂಪನಿ ನೆಸ್ಲೆ ಪಾಲಾಯಿತು.

ಎರಡನೆಯ ಪೆಟ್ಟು 2024ರಲ್ಲಿ. ಯೂರೋಪಿನ ನಿಯಮದಂತೆ 'ನೈಸರ್ಗಿಕ ಖನಿಜ ಜಲ'ವನ್ನು ಸೋಂಕುರಹಿತಗೊಳಿಸಲು ಸಂಸ್ಕರಿಸುವಂತಿಲ್ಲ. ಮೂಲದಲ್ಲೇ ಅದು ಶುದ್ಧವಾಗಿರಬೇಕು. ಆದರೆ ಪೆರಿಯೆಯೂ ಸೇರಿದಂತೆ ತನ್ನ ಕೆಲವು ನೀರುಗಳಿಗೆ ಅತಿನೇರಳೆ ಕಿರಣ ಮತ್ತು ಇದ್ದಿಲಿನ ಶೋಧಕಗಳನ್ನು ಬಳಸಿದ್ದಾಗಿ ನೆಸ್ಲೆ ಒಪ್ಪಿಕೊಂಡಿತು. ಅದೇ ವರ್ಷ ಭಾರೀ ಮಳೆಯ ನಂತರ ವೆರ್ಜೆಜ್‌ನ ಬಾವಿಯೊಂದರಲ್ಲಿ ಮಲಮೂಲದ ಬ್ಯಾಕ್ಟೀರಿಯಾ ಕಂಡುಬಂದು, ಸುಮಾರು 20 ಲಕ್ಷ ಬಾಟಲಿಗಳನ್ನು ನಾಶಪಡಿಸಬೇಕಾಯಿತು. ವಿಷಯ ಮೊದಲೇ ತಿಳಿದಿದ್ದರೂ ಸರ್ಕಾರ ಅದನ್ನು ಮುಚ್ಚಿಟ್ಟಿತೆಂದು 2025ರ ಮೇ ತಿಂಗಳಲ್ಲಿ ಫ್ರೆಂಚ್ ಸೆನೆಟ್‌ನ ತನಿಖಾ ಸಮಿತಿ ಆಕ್ಷೇಪಿಸಿತು.

ಈ ನಡುವೆ ವೆರ್ಜೆಜ್‌ನ ಕೆಲವು ಬಾವಿಗಳ ನೀರನ್ನು ಕಂಪನಿ 'ಮೇಜೋಂ ಪೆರಿಯೆ' ಎಂಬ ಬೇರೆ ಪಾನೀಯಕ್ಕೆ ತಿರುಗಿಸಿತು. ಅದರ ಮೇಲೆ 'ನೈಸರ್ಗಿಕ ಖನಿಜ ಜಲ' ಎಂಬ ಒಕ್ಕಣೆ ಇಲ್ಲ.