ಮಾಂಸದ ಕೋಳಿಗಳ ಆಹಾರದಲ್ಲಿ ಗಿಡಮೂಲಿಕೆಗಳ ಬಳಕೆ

ಮಾಂಸದ ಕೋಳಿ ಸಾಕಣೆಯ ಒಟ್ಟು ಖರ್ಚಿನಲ್ಲಿ ಶೇ. 65 ರಿಂದ 70 ಭಾಗ ಆಹಾರಕ್ಕೇ ತಗಲುತ್ತದೆ. ತಿಂದ ಆಹಾರ ಮೈಗೆ ಹತ್ತಲೆಂದು ಅಲ್ಪ ಪ್ರಮಾಣದಲ್ಲಿ ಜೀವನಿರೋಧಕ ಔಷಧಿಗಳನ್ನು ಬೆರೆಸುವ ಪದ್ಧತಿ 1950ರ ದಶಕದಿಂದ ಹಲವು ದೇಶಗಳಲ್ಲಿ ರೂಢಿಗೆ ಬಂದಿತು. ಇದರಿಂದ ಔಷಧಿಗೆ ಬಗ್ಗದ ರೋಗಾಣುಗಳು ಹೆಚ್ಚುವ ಅಪಾಯವಿರುವುದರಿಂದ ಯುರೋಪಿಯನ್ ಒಕ್ಕೂಟವು ಬೆಳವಣಿಗೆಗಾಗಿ ಅವುಗಳ ಬಳಕೆಯನ್ನು 2006ರ ಜನವರಿ 1ರಿಂದ ನಿಷೇಧಿಸಿತು. ಭಾರತದಲ್ಲಿ 2019ರಲ್ಲಿ ಕೊಲಿಸ್ಟಿನ್ ಔಷಧಿಯನ್ನು ಕೋಳಿಗಳಿಗೆ ಬಳಸುವುದನ್ನು ನಿಷೇಧಿಸಲಾಯಿತು. ಹೀಗಾಗಿ ಗಿಡಮೂಲಿಕೆಗಳತ್ತ ಗಮನ ಹರಿದಿದೆ.

ಗುಣಗಳು

ಅರಿಶಿನದಲ್ಲಿ ಕುರ್ಕುಮಿನ್, ಓಮದಲ್ಲಿ ಥೈಮಾಲ್, ಕರಿಮೆಣಸಿನಲ್ಲಿ ಪೈಪರಿನ್ ಎಂಬ ಅಂಶಗಳಿವೆ. ಬೆಳ್ಳುಳ್ಳಿಯನ್ನು ಜಜ್ಜಿದಾಗ ಅಲಿಸಿನ್ ಉಂಟಾಗುತ್ತದೆ. ಥೈಮಾಲ್ ಮತ್ತು ಅಲಿಸಿನ್ ಕೆಲವು ರೋಗಾಣುಗಳನ್ನು ತಡೆಯುತ್ತವೆ. ಪೈಪರಿನ್ ಜೀರ್ಣಕ್ರಿಯೆಗೆ ನೆರವಾಗುತ್ತದೆ. ಕುರ್ಕುಮಿನ್ ನೀರಿನಲ್ಲಿ ಸರಿಯಾಗಿ ಕರಗದ ಕಾರಣ ಅರಿಶಿನವನ್ನು ಆಹಾರದಲ್ಲಿಯೇ ಬೆರೆಸುವುದು ಒಳ್ಳೆಯದು.

ಪ್ರಮಾಣ

ಹಲವು ಪ್ರಯೋಗಗಳಲ್ಲಿ ಅರಿಶಿನ ಪುಡಿಯನ್ನು ಪ್ರತಿ ಕಿಲೋ ಆಹಾರಕ್ಕೆ 5 ಗ್ರಾಂನಂತೆ, ಅಂದರೆ ಕ್ವಿಂಟಾಲಿಗೆ ಅರ್ಧ ಕಿಲೋ ಬಳಸಲಾಗಿದೆ. ಮೊದಲು ಪುಡಿಯನ್ನು ನಾಲ್ಕೈದು ಕಿಲೋ ಆಹಾರದಲ್ಲಿ ಕಲಸಿ, ನಂತರ ಉಳಿದ ಆಹಾರಕ್ಕೆ ಸೇರಿಸಿದರೆ ಸಮನಾಗಿ ಬೆರೆಯುತ್ತದೆ. ಸಾರವು ಪುಡಿಗಿಂತ ಹೆಚ್ಚು ತೀಕ್ಷ್ಣವಾದ್ದರಿಂದ ಅದಕ್ಕೆ ಪುಡಿಯ ಪ್ರಮಾಣವನ್ನು ಅನ್ವಯಿಸಬಾರದು.

ಲಾಭದ ಲೆಕ್ಕ

ಮೂಲಿಕೆಗಳ ಸತ್ವ ಬೆಳೆದ ಸ್ಥಳ ಮತ್ತು ಒಣಗಿಸಿದ ರೀತಿಯಂತೆ ವ್ಯತ್ಯಾಸವಾಗುತ್ತದೆ. ಫಲಿತಾಂಶವೂ ಎಲ್ಲೆಡೆ ಒಂದೇ ಬಗೆಯಾಗಿಲ್ಲ. ಆದಕಾರಣ ರೈತರು ತಮ್ಮ ಮನೆಯಲ್ಲಿಯೇ ಪರೀಕ್ಷಿಸುವುದು ಲೇಸು. ಒಂದೇ ದಿನ ಬಂದ 200 ಮರಿಗಳನ್ನು ನೂರರಂತೆ ಎರಡು ಅಂಕಣಗಳಲ್ಲಿ ಬಿಟ್ಟು, ಒಂದಕ್ಕೆ ಮಾತ್ರ ಅರಿಶಿನ ಕೊಡಬೇಕು. ಆಹಾರವನ್ನೂ ತೂಕವನ್ನೂ ಬರೆದಿಡಬೇಕು. ಉದಾಹರಣೆಗೆ, 200 ಕಿಲೋ ತೂಕ ಬರಲು ಅರಿಶಿನವಿಲ್ಲದ ಗುಂಪು 350 ಕಿಲೋ, ಅರಿಶಿನ ತಿಂದ ಗುಂಪು 340 ಕಿಲೋ ಆಹಾರ ತಿಂದಿತೆನ್ನಿ. ಉಳಿತಾಯ 10 ಕಿಲೋ ಆಹಾರ. ಖರ್ಚಾದ ಅರಿಶಿನ 1.7 ಕಿಲೋ. ಉಳಿದ ಆಹಾರದ ಬೆಲೆ ಅರಿಶಿನದ ಬೆಲೆಗಿಂತ ಹೆಚ್ಚಿದ್ದರೆ ಮಾತ್ರ ಲಾಭ.

ಎಚ್ಚರಿಕೆ

1. ಬೂಷ್ಟು ಹಿಡಿದ ಮೂಲಿಕೆಯನ್ನು ಎಂದಿಗೂ ಬಳಸಬಾರದು. ಅದರಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರಬಹುದು.
2. ಕುಡಿಯುವ ನೀರಿನಲ್ಲಿ ಲಸಿಕೆ ಹಾಕುವ ದಿನ ಆ ನೀರಿಗೆ ಯಾವ ಸಾರವನ್ನೂ ಸೇರಿಸಬಾರದು.
3. ಕಂಪನಿಯ ಒಪ್ಪಂದದ ಮೇಲೆ ಕೋಳಿ ಸಾಕುವವರು ಕಂಪನಿಯ ಒಪ್ಪಿಗೆ ಇಲ್ಲದೆ ಆಹಾರಕ್ಕೆ ಏನನ್ನೂ ಬೆರೆಸಬಾರದು.
4. ಕೋಳಿಗಳು ಮಂಕಾದರೆ ಅಥವಾ ಸಾವು ಹೆಚ್ಚಿದರೆ ಕಷಾಯ ಕುಡಿಸುತ್ತ ಕಾಲ ಕಳೆಯದೆ ಕೂಡಲೇ ಪಶುವೈದ್ಯರನ್ನು ಕಾಣಬೇಕು.

ಒಣ ಹಾಸು, ಶುದ್ಧ ನೀರು, ಸಾಕಷ್ಟು ಗಾಳಿ, ಸಕಾಲದಲ್ಲಿ ಲಸಿಕೆ ಇವುಗಳ ಸ್ಥಾನವನ್ನು ಯಾವ ಮೂಲಿಕೆಯೂ ತುಂಬಲಾರದು. ಇವು ಸರಿಯಿದ್ದಲ್ಲಿ ಮಾತ್ರ ಮೂಲಿಕೆಯಿಂದ ಪ್ರಯೋಜನ ಸಿಗಬಲ್ಲದು.